ಗಾಜಿನ ಹಿಂದಿನವನು

ಮೂಗನ್ನು ಚಿತ್ರಗಾರ ಮೂರನೆಯ ಸಲ ಅಳಿಸಿದ. ಆ ಜಾಗದಲ್ಲಿ ಕಾಗದ ಜುಂಗು ಎದ್ದಿತ್ತು. ಇನ್ನೊಮ್ಮೆ ರಬ್ಬರು ತಿಕ್ಕಿದರೆ ಸತ್ತವನ ಮುಖದ ನಡುವೆ ತೂತು ಬೀಳುತ್ತಿತ್ತು.

ಸತ್ತವನು ಸಂಪಾದಕ. ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಸೇರಿ ತಿಂಗಳಿಗೊಮ್ಮೆ ತರುವ ಪತ್ರಿಕೆಯನ್ನು ಹುಟ್ಟುಹಾಕಿ, ಇಪ್ಪತ್ತಾರು ವರ್ಷ ಸಾಕಿ, ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡವನು. ಆ ಇಪ್ಪತ್ತಾರು ವರ್ಷದ ಮುಖಪುಟಗಳೆಲ್ಲ ಚಿತ್ರಗಾರನವೇ. ಇವತ್ತು ನಾಲ್ಕು ಗಂಟೆಗೆ ಸಂತಾಪ ಸಭೆ. ಹತ್ತಕ್ಕೆಲ್ಲ ಚಿತ್ರ ಪ್ರೆಸ್ಸು ಸೇರಬೇಕು. ಅದೇ ಸ್ಮರಣ ಸಂಚಿಕೆಯ ಮುಖಪುಟ, ಅದೇ ಇನ್ನೂರು ಪೋಸ್ಟರು.

ಗಂಟೆ ಎಂಟೂವರೆ.

ಸಂಪಾದಕನ ಹೆಂಡತಿ ಹೋದ ವಾರ ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಗುರುತಿನ ಚೀಟಿಗೆಂದು ತೆಗೆಸಿದ ಫೋಟೋ ಒಂದನ್ನು ಮೇಜಿನ ಮೇಲಿಟ್ಟರು. ಫೋಟೋದಲ್ಲಿ ಸಂಪಾದಕ ಠಾಣೆಗೆ ಕರೆಸಿಕೊಂಡವನಂತೆ ನಿಂತಿದ್ದ.

"ಹೀಗೆ ಬೇಡ. ನಗ್ತಾ ಇರೋ ಹಾಗೆ ಬರೀರಿ," ಅಂದರು. "ಮನೇಲಿ ಅವರು ನಕ್ಕಿದ್ದು ನಾನು ಕಂಡಿಲ್ಲ. ಭಾನುವಾರ ನಿಮ್ಮ ಜೊತೆ ಸಿಕ್ಕಾಪಟ್ಟೆ ನಗ್ತಿದ್ರಂತಲ್ಲ."

"ಹೌದು ಅತ್ತಿಗೆ."

"ಒಂದ್ಸಲ ನೋಡ್ಬೇಕು ಅನ್ಸುತ್ತೆ."

ಅವನು ಹೂಂ ಅಂದಿದ್ದ. ಸಾವಿರಕ್ಕೂ ಹೆಚ್ಚು ಭಾನುವಾರ ಎದುರುಬದುರು ಕೂತ ಮನುಷ್ಯ. ಕಣ್ಣು ಮುಚ್ಚಿದರೆ ಬಂದುಬಿಡುತ್ತಾನೆ ಅಂದುಕೊಂಡಿದ್ದ. ಕಣ್ಣು ಮುಚ್ಚಿದಾಗ ಬಂದದ್ದು ಒಂದು ಕಂದು ಸ್ವೆಟರು, ಒಂದು ಕೆಮ್ಮು, ಕರಡಚ್ಚಿನ ಮೇಲೆ ಓಡುವ ಕೆಂಪು ಪೆನ್ನು. ಸ್ವೆಟರಿನ ಕತ್ತಿನಿಂದ ಮೇಲೆ ಏನೂ ಇರಲಿಲ್ಲ.

ಚಿತ್ರಗಾರನ ಹೆಂಡತಿ ಚಹಾ ತಂದಿಟ್ಟು ಕಾಗದದ ಮೇಲೆ ಬಗ್ಗಿದಳು.

"ಯಾರಿದು?"

"ಯಾರಂದ್ರೆ? ಸಂಪಾದಕರು."

"ಹಾಗಾ. ನಿಮ್ಮಣ್ಣ ಅಂದ್ಕೊಂಡೆ."

"ನೀನು ಅವರನ್ನ ಎಷ್ಟು ಸಲ ನೋಡಿದೀಯ?"

"ಎರಡು ಸಲ." ಅವಳು ಲೋಟವನ್ನು ಕಾಗದದಿಂದ ದೂರ ಸರಿಸಿದಳು. "ಎಡಗಡೆ ಹುಬ್ಬು ಸ್ವಲ್ಪ ಮೇಲಿತ್ತು. ನಗುವಾಗ ಕೈಯಿಂದ ಬಾಯಿ ಮುಚ್ಕೊಳ್ತಿದ್ರು. ಮುಂದಿನ ಹಲ್ಲು ಮುರಿದಿತ್ತಲ್ಲ, ಅದಕ್ಕೆ."

ಅವನಿಗೆ ರೇಗಿತು. ಮುರಿದ ಹಲ್ಲಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ.

"ಚಿತ್ರ ಅಂದ್ರೆ ಹಲ್ಲು ಎಣಿಸೋದಲ್ಲ," ಅಂದ.

"ಸರಿ," ಅಂದು ಅವಳು ಒಳಗೆ ಹೋದಳು.

ಮುಖ ಬರೆಯಲು ಅವನಿಗೆ ಎಂದೂ ಬಂದಿರಲಿಲ್ಲ. ಕಲಾಶಾಲೆಯ ಕೊನೆಯ ವರ್ಷ ಅವನು ಪ್ರದರ್ಶನಕ್ಕಿಟ್ಟ ಹನ್ನೆರಡು ಭಾವಚಿತ್ರ ನೋಡಿ ಮೇಷ್ಟರು, "ಇವರೆಲ್ಲ ಒಂದೇ ತಾಯಿ ಮಕ್ಕಳೇನಪ್ಪ?" ಅಂದಿದ್ದರು. ಸುತ್ತ ನಿಂತವರೆಲ್ಲ ನಕ್ಕರು. ನಗದೆ ನಿಂತವನು ಒಬ್ಬನೇ, ಹೊಸ ಪತ್ರಿಕೆಗೆ ಚಿತ್ರ ಬರೆಯುವವರನ್ನು ಹುಡುಕಿಕೊಂಡು ಬಂದಿದ್ದ ಸಂಪಾದಕ. "ಕೈ ಚೆನ್ನಾಗಿದೆ. ತಲೆಗೆ ಹೆಲ್ಮೆಟ್ ಹಾಕ್ಬಿಡಿ," ಅಂದ.

ಹಾಕಿದ. ಅಲ್ಲಿಗೆ ಬಾಳು ಹಸನಾಯಿತು. ವಾರವಿಡೀ ಪಠ್ಯಪುಸ್ತಕದ ಕಚೇರಿಯಲ್ಲಿ ಮೂತ್ರಪಿಂಡ, ಕಪ್ಪೆಯ ಕರುಳು, ಹೂವಿನ ಸೀಳುನೋಟ ಬರೆದು, ರಜೆಯ ದಿನ ಗಗನಯಾತ್ರಿಗಳನ್ನು ಬರೆದ. ಕನ್ನಡಿಯಂಥ ಗಾಜು, ಗಾಜಿನಲ್ಲಿ ಎರಡು ಚಂದ್ರ. ಅದರ ಹಿಂದೆ ಯಾರಿದ್ದಾರೆಂದು ಒಬ್ಬರೂ ಕೇಳಲಿಲ್ಲ. ಅಭಿಮಾನಿಗಳು ಅವನನ್ನು ಕ್ಯಾಪ್ಟನ್ ಎಂದು ಕರೆದರು. ನಲವತ್ತು ದಾಟಿದ ಗಂಡಸರು, ಪಕ್ಕದ ಮನೆಯವನ ಹೆಸರು ತಿಳಿಯದವರು, ಇಲ್ಲದ ಗ್ರಹವೊಂದಕ್ಕೆ ಎಷ್ಟು ಉಂಗುರ ಎಂದು ಜಗಳವಾಡಿ ಮೂರು ವರ್ಷ ಮಾತು ಬಿಟ್ಟವರು. ನೌಕೆಯ ಬಾಗಿಲಿಗೆ ಚಿಲಕ ಬರೆದಿಲ್ಲವೆಂದು ಒಬ್ಬ ನಾಲ್ಕು ಪುಟದ ಪತ್ರ ಹಾಕಿದ್ದ. ಇಂಥ ಪತ್ರಗಳನ್ನು ಓದಿಯೇ ಅವನೂ ಸಂಪಾದಕನೂ ಭಾನುವಾರ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದದ್ದು. ನಗುವಾಗ ಚಿತ್ರಗಾರನ ಕಣ್ಣು ಪತ್ರದ ಮೇಲಿರುತ್ತಿತ್ತು.

ಫೋನ್ ಬಂತು. ಅಭಿಮಾನಿ ಕೂಟದ ಕಾರ್ಯದರ್ಶಿ, ವಿಮಾ ಕಚೇರಿಯ ಗುಮಾಸ್ತ.

"ಕ್ಯಾಪ್ಟನ್, ಆಯ್ತಾ?"

"ಆಗ್ತಾ ಇದೆ."

"ಮುಖ ಬರೀತಿದೀರಂತೆ?"

"ಅತ್ತಿಗೆ ಕೇಳಿದ್ರು."

"ಅಲ್ಲ, ಜನ ಬರೋದು ನಿಮ್ಮ ಹೆಲ್ಮೆಟ್ ನೋಡೋಕೆ. ಅವರ ಮುಖ ಯಾರಿಗೆ ಬೇಕು ಹೇಳಿ. ತಪ್ಪು ತಿಳ್ಕೋಬೇಡಿ."

"ಇಲ್ಲ, ಇಲ್ಲ."

ಮೂರ್ಖ ಅಂದುಕೊಂಡ, ಫೋನ್ ಇಟ್ಟು. ಹೊಸ ಹಾಳೆ ತೆಗೆದ. ಮುಕ್ಕಾಲು ಗಂಟೆಯಲ್ಲಿ ಹೆಲ್ಮೆಟ್ ಮುಗಿಯಿತು. ಕೈ ಎಲ್ಲೂ ತಡವರಿಸಲಿಲ್ಲ. ಆರಿದ ಚಹಾ ಕೂಡ ರುಚಿಯಾಗಿತ್ತು.

ಸಭೆಯಲ್ಲಿ ಐದು ಜನ ಮಾತಾಡಿದರು. ಐದು ಜನರೂ ಸಂಪಾದಕನ ಬಗ್ಗೆ ಎರಡು ವಾಕ್ಯ ಹೇಳಿ, ತಮ್ಮ ಮೊದಲ ಕಥೆ ಅಚ್ಚಾದ ಬಗೆಗೆ ಇಳಿದರು. ಸಂಪಾದಕರು ಈಗ ಬೆಳಕಿನ ವೇಗದಲ್ಲಿದ್ದಾರೆ ಎಂದು ಒಬ್ಬ ಅಂದಾಗ ಚಪ್ಪಾಳೆ ಬಿತ್ತು. ಪೋಸ್ಟರಿನ ಮೇಲಿನ ಬಟ್ಟೆ ಸರಿಸಿದಾಗ ಇನ್ನೂ ಜೋರಾಗಿ ಬಿತ್ತು. ಆಮೇಲೆ ಸಹಿಗೆ ಸಾಲು ನಿಂತರು.

"ಕುತ್ತಿಗೆ ಹತ್ರ ಬೋಲ್ಟು ಈ ಸಲ ಸರಿಯಾಗಿದೆ," ಅಂದ ಚಿಲಕದ ಪತ್ರದವನು.

ಸಾಲಿನ ಕೊನೆಯಲ್ಲಿ ಅತ್ತಿಗೆ ಇದ್ದರು. ಎಲ್ಲರಂತೆ ಪೋಸ್ಟರು ಹಿಡಿದು, ತಮ್ಮ ಸರದಿಗೆ ಕಾದು ಬಂದಿದ್ದರು.

"ಇದು ಅವರಾ?"

"ಹೌದು ಅತ್ತಿಗೆ."

"ಮುಖ?"

"ಗಾಜಿನ ಮೇಲೆ ಬೆಳಕು ಬಿದ್ದಿದೆ. ಹಾಗೆ ಬಿದ್ದಾಗ ಒಳಗಿರೋದು ಕಾಣಲ್ಲ."

"ಒಳಗೆ ನಗ್ತಿದಾರಾ?"

ಅಣಕವೇ ಎಂದು ತಲೆಯೆತ್ತಿದ. ಅವರು ನಿಜಕ್ಕೂ ಕೇಳುತ್ತಿದ್ದರು.

"ನಗ್ತಿದಾರೆ."

"ಹೇಗೆ ನಗ್ತಿದ್ರು?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಕೈಯಿಂದ ಬಾಯಿ ಮುಚ್ಕೊಂಡು," ಅಂದ. "ಮುಂದಿನ ಹಲ್ಲು ಮುರಿದಿತ್ತಲ್ಲ."

"ಅದು ಮದುವೆಗೆ ಮುಂಚೇನೇ ಮುರಿದಿದ್ದು. ಯಾರಿಗೂ ತೋರಿಸ್ತಿರ್ಲಿಲ್ಲ." ಅವನ ಕೈ ಮುಟ್ಟಿದರು. "ನೀವಾದ್ರೂ ನೋಡಿದೀರಲ್ಲ. ಅಷ್ಟು ಸಾಕು ನಂಗೆ."

ನೋಡಿದ್ದು ತಾನಲ್ಲ, ಹೆಂಡತಿ ಎಂದು ಹೇಳಬೇಕೆನಿಸಿತು. "ಸಹಿ ಹಾಕ್ಲಾ?" ಅಂದ.

"ಬೇಡ. ಇದನ್ನ ಎಲ್ಲಿ ಹಾಕ್ಲಿ ನಾನು." ಪೋಸ್ಟರನ್ನು ಮೇಜಿನ ಮೇಲೆ ನೀಟಾಗಿ ಬಿಟ್ಟು ಅವರು ಹೊರಟರು.

ಆರು ಗಂಟೆಗೆ ಸಭಾಂಗಣ ಖಾಲಿಯಾಯಿತು. ಉಳಿದ ಪೋಸ್ಟರುಗಳ ಕಟ್ಟನ್ನು ಅವನ ಕಾಲ ಬಳಿ ಇಟ್ಟು, ಬಸ್ಸು ತಪ್ಪುತ್ತದೆಂದು ಕಾರ್ಯದರ್ಶಿಯೂ ಓಡಿದ. ಗೋಡೆಗೆ ಸುಣ್ಣ ಬಳಿಯುವವನೊಬ್ಬ ಏಣಿ ಹೊತ್ತು ಒಳಗೆ ಬಂದ. ನಾಳೆ ಬೆಳಿಗ್ಗೆ ಇಲ್ಲಿ ಇನ್ಯಾರದೋ ಸಮಾರಂಭ.

"ಇವು ಬೇಕಾ ಸಾರ್? ನೆಲಕ್ಕೆ ಹಾಸೋಕೆ ಏನೂ ತಂದಿಲ್ಲ."

"ಹಾಸಿ."

ಒಂದರ ಪಕ್ಕ ಒಂದು, ಗೋಡೆಯುದ್ದಕ್ಕೂ ಹೆಲ್ಮೆಟ್ಟುಗಳು ಹರಡಿಕೊಂಡವು.

"ಸ್ವಲ್ಪ ಏಣಿ ಹಿಡ್ಕೊಳ್ತೀರಾ? ಈ ಕಾಗದ ಜಾರುತ್ತೆ."

ಅವನು ಎದ್ದು ಹೋಗಿ ಹಿಡಿದ. ಆಳು ಮೇಲೆ ಹತ್ತಿ ಬ್ರಷ್ಷು ಅದ್ದಿದ.

"ಯಾರಿದು ಸಾರ್, ಇಷ್ಟೊಂದು?"

"ಗೊತ್ತಿಲ್ಲ."

ಸುಣ್ಣದ ದಪ್ಪ ಹನಿಯೊಂದು ಬಿದ್ದು, ಅವನ ಕಾಲ ಬಳಿಯ ಹೆಲ್ಮೆಟ್ಟಿನ ಗಾಜಿನ ಮೇಲೆ ದುಂಡಗೆ ಹರಡಿತು. ಅದರಲ್ಲಿ ಕಣ್ಣಿನಂತೆ ಎರಡು ಗುಳ್ಳೆ ಎದ್ದವು. ಅವನು ಬಗ್ಗಿ ನೋಡಿದ. ಒಂದು ಒಡೆಯಿತು. ಇನ್ನೊಂದು ಒಡೆಯದೆ ಅವನನ್ನೇ ನೋಡುತ್ತಿತ್ತು. ಮೇಲೆ ಏಣಿ ಅಲುಗುತ್ತಿತ್ತು. ಕೈ ಬಿಡುವ ಹಾಗಿರಲಿಲ್ಲ.