ಗೊರಕೆಗೆ ಮದ್ದು

"ಈ ಸಲ ಕೈ ಎಲ್ಲಿಟ್ಕೊಳ್ತೀಯ?" ಎಂದು ಅತ್ತೆ ಕೇಳಿದರು.

"ತೊಡೆ ಕೆಳಗೆ ಅತ್ತೆ."

"ಅದೇ ಸರಿ. ಅದರ ಮೇಲೇ ಕೂತ್ಬಿಡು. ಹೋದ ಸಲದ ಹಾಗೆ ಮಾಡಿದ್ರೆ ಹಗ್ಗ ತಂದು ಕಟ್ಟಿಹಾಕ್ತೀನಿ ನೋಡು."

ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದ ಸೊಸೆಗೆ, ಬ್ಯೂಟಿ ಪಾರ್ಲರಿನವಳಿಗೆ, ನಗು ಬಂತು. ಹೋದ ಸಲ ಆಪ್ತಸಲಹೆಗಾರರ ಸಂಘದ ಇದೇ ಪರೀಕ್ಷೆಯಲ್ಲಿ ಎದುರಿಗೆ ಕೂತು ಕಷ್ಟ ಹೇಳಿಕೊಳ್ಳುತ್ತಿದ್ದ ಹುಡುಗಿ ಅಳುತ್ತ ತಲೆ ತಗ್ಗಿಸಿದಾಗ ಕೂದಲು ಕಣ್ಣ ಮೇಲೆ ಬಿದ್ದಿತ್ತು. ಇವಳು ಎದ್ದುಹೋಗಿ ಅದನ್ನು ಕಿವಿಯ ಹಿಂದೆ ಸರಿಸಿ, "ಮುಂದುಗಡೆ ಸ್ವಲ್ಪ ಚಿಕ್ಕದು ಮಾಡಿಸ್ಕೋಮ್ಮ, ಮುಖಕ್ಕೆ ಕಳೆ ಬರತ್ತೆ" ಅಂದುಬಿಟ್ಟಿದ್ದಳು. ಹುಡುಗಿ ಅಳು ಮರೆತು ನಕ್ಕಳು. ಪರೀಕ್ಷಕರು ನಗಲಿಲ್ಲ. ಮುಟ್ಟಿದ್ದೂ ತಪ್ಪು, ಸಲಹೆ ಕೊಟ್ಟದ್ದೂ ತಪ್ಪು. ಇವತ್ತೂ ತಪ್ಪಿದರೆ ತರಬೇತಿ ಮತ್ತೆ ಮೊದಲಿನಿಂದ. ಸಂಘದ ಸದಸ್ಯತ್ವ ಸಿಗದೆ ಬೋರ್ಡು ಹಾಕುವಂತಿಲ್ಲ; ಅವಳೋ ಪಾರ್ಲರಿನ ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಎರಡು ಕುರ್ಚಿಯನ್ನೂ ತಂದಿಟ್ಟಾಗಿತ್ತು.

"ಹೆಸರಲ್ಲೇ ಸಲಹೆ ಇದೆ, ಆದ್ರೆ ಸಲಹೆ ಕೊಡಬಾರದಂತೆ!" ಅತ್ತೆ ಗೊಣಗಿದರು. "ಅಡುಗೆಯೋನನ್ನ ಕರೆದು ಒಲೆ ಹಚ್ಚಬೇಡ ಅಂದ ಹಾಗಾಯ್ತು."

"ಅವರ ದಾರಿ ಅವರೇ ಹುಡುಕ್ಕೋಬೇಕು ಅತ್ತೆ. ನಾವು ಜೊತೆಗಿರೋದು, ಅಷ್ಟೆ."

"ಜೊತೆಗಿರು. ಬಾಯಿಗೆ ಬೀಗ ಹಾಕ್ಕೊಂಡು ಇರು."

ಇಷ್ಟು ವರ್ಷ ಆ ಬಾಯಿಗೆ ಬೀಗವೇ ಇರಲಿಲ್ಲ. ಕುರ್ಚಿಯಲ್ಲಿ ಕೂತ ಹೆಂಗಸರು ಕನ್ನಡಿಯ ಕಡೆ ನೋಡುತ್ತ ಮನೆಯ ಕಷ್ಟ ಹೇಳುವರು, ಇವಳು ಬಾಚುತ್ತ, ಕತ್ತರಿಸುತ್ತ ಪರಿಹಾರ ಹೇಳುವಳು. ಒಂದು ದಿನ ಒಬ್ಬ ಹುಡುಗಿ, "ಬದುಕೋದೇ ಬೇಡ ಅನ್ನಿಸ್ತಿದೆ ಅಕ್ಕ" ಎಂದಳು. ಇವಳ ಬಾಯಲ್ಲಿ ಎಂದಿನ ಹಾಗೆ ಮಾತು ಬಂತು, "ಹಾಗೆಲ್ಲ ಅನ್ನಬಾರದು, ಮದುವೆ ಮಾಡ್ಕೋ, ಎಲ್ಲ ಸರಿಹೋಗತ್ತೆ." ಹುಡುಗಿ ದುಡ್ಡಿಟ್ಟು ಎದ್ದು ಹೋದಳು. ಅವಳು ಮತ್ತೊಮ್ಮೆ ಬಂದು ಅದೇ ಕುರ್ಚಿಯಲ್ಲಿ ಕೂರುವ ತನಕ ಪಾರ್ಲರಿನವಳಿಗೆ ಅನ್ನ ಸೇರಲಿಲ್ಲ. ಬಂದ ಮಾರನೆಯ ದಿನವೇ ಇವಳು ತರಬೇತಿಗೆ ಹೆಸರು ಕೊಟ್ಟಿದ್ದಳು.

ಒಳಗಿನಿಂದ ಕರೆ ಬಂತು.

ಎದುರಿಗೆ ಕೂತವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ, ಐವತ್ತು ದಾಟಿದ ಹೆಂಗಸು. ಪರೀಕ್ಷೆಯಲ್ಲಿ ಕಷ್ಟ ಹೇಳಿಕೊಳ್ಳಲು ಬರುವವರು ನಾಟಕವಾಡುವಂತಿಲ್ಲ, ತಮ್ಮದೇ ನಿಜವಾದ ತೊಂದರೆ ಹೇಳಬೇಕೆಂಬುದು ಸಂಘದ ನಿಯಮ. ಅವರ ಕೂದಲು ಬಿಗಿಯಾದ ಗಂಟಿನಲ್ಲಿತ್ತು, ಒಂದೆಳೆಯೂ ಆಚೆಗಿರಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡು ಪಾರ್ಲರಿನವಳು ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಇಬ್ಬರು ಪರೀಕ್ಷಕರು ಗೋಡೆಯ ಪಕ್ಕ ಕೂತಿದ್ದರು.

"ನಮ್ಮೆಜಮಾನ್ರು ಗೊರಕೆ ಹೊಡೀತಾರೆ" ಎಂದರು ಅಂಚೆಯಾಕೆ. "ಅಂಥಿಂಥ ಗೊರಕೆ ಅಲ್ಲ, ಲಾರಿ ಏರು ಹತ್ತಿದ ಹಾಗೆ. ಏನು ಮಾಡ್ಲಿ ಹೇಳಿ."

ಪಾರ್ಲರಿನವಳ ನಾಲಿಗೆ ತುದಿ ತುರಿಸಿತು. ಗೊರಕೆಗೆ ಅವಳಲ್ಲಿ ಮದ್ದಿತ್ತು! ಬನಿಯನ್ನಿನ ಬೆನ್ನಿಗೆ ಒಂದು ಚೆಂಡು ಹೊಲಿದುಬಿಟ್ಟರೆ ಅಂಗಾತ ಮಲಗಲಾಗದು, ಗೊರಕೆ ನಿಲ್ಲುತ್ತದೆ. ಅದರಿಂದ ಎಷ್ಟು ಸಂಸಾರಗಳು ನೆಟ್ಟಗಾಗಿದ್ದವೋ! ಅವಳು ಚೆಂಡನ್ನು ಉಗುಳಿನ ಜೊತೆ ನುಂಗಿದಳು.

"ರಾತ್ರಿ ನಿಮಗೆ ನಿದ್ದೆ ಇಲ್ಲ" ಎಂದಳು.

"ಎಲ್ಲಿಂದ ಬರ್ಬೇಕು? ಮನೇಲಿ ಒಂದು ಕೋಣೆ ಖಾಲಿ ಇದೆ. ಅಲ್ಲಿ ಹೋಗಿ ಮಲಗಲಾ ಅಂತ. ಆದ್ರೆ..."

ಮಾತು ಅಲ್ಲೇ ನಿಂತಿತು. ಫ್ಯಾನು ಕಟಕಟ ಅನ್ನುತ್ತಿತ್ತು. ಆಕೆ ತಮ್ಮ ಸೆರಗಿನ ಅಂಚು ನೋಡುತ್ತಿದ್ದರು. ಚೆಂಡು ಮತ್ತೆ ಗಂಟಲಿಗೆ ಬಂತು. ಹೇಳಿಬಿಡು, ಪಾಪ, ಒಂದೇ ಮಾತು. ಪಾರ್ಲರಿನವಳು ಹಲ್ಲು ಕಚ್ಚಿದಳು. ಹಾಗೇ ಆಕೆಯ ಮುಖ ನೋಡುತ್ತ ನೋಡುತ್ತ, ಹಲ್ಲು ಕಚ್ಚಿರುವುದನ್ನೂ ಮರೆತಳು. ಕನ್ನಡಿಯಿಲ್ಲದೆ, ಕೆಲಸವಿಲ್ಲದೆ ಒಬ್ಬರ ಮುಖವನ್ನು ಇಷ್ಟು ಹೊತ್ತು ಅವಳು ನೋಡಿದ್ದೇ ಇಲ್ಲ. ಆ ತುಟಿಯ ಕೊನೆಯಲ್ಲಿ ಇದ್ದದ್ದು ದುಃಖವಲ್ಲ. ಏನೋ ಕಳ್ಳ ಸಂತೋಷ.

"ಗೊರಕೆ ಅಲ್ಲ ರೀ ಅದು" ಎಂದರು ಅಂಚೆಯಾಕೆ, ಇದ್ದಕ್ಕಿದ್ದಂತೆ.

ಪಾರ್ಲರಿನವಳು ಸ್ವಲ್ಪ ಮುಂದಕ್ಕೆ ಬಾಗಿದಳು, ಅಷ್ಟೆ.

"ಚಿಕ್ಕೋಳಿದ್ದಾಗ ಅಕ್ಕ ತಂಗೀರ ಮಧ್ಯೆ ಮಲಗ್ತಿದ್ದೆ. ಆಮೇಲೆ ಹಾಸ್ಟೆಲು. ಆಮೇಲೆ ಇವರು. ಆಮೇಲೆ ಎರಡೂ ಪಕ್ಕಕ್ಕೆ ಮಕ್ಕಳು, ಮೇಲೊಂದು ಕಾಲು. ನನ್ನದೇ ಒಂದು ಕೋಣೆ, ಬಾಗಿಲು ಹಾಕ್ಕೊಂಡು ಒಬ್ಬಳೇ ಮಲಗಿ ಏಳೋದು ಹೇಗಿರತ್ತೆ ಅಂತ ನನಗೆ ಗೊತ್ತೇ ಇಲ್ಲ. ಒಂದ್ಸಲ ನೋಡ್ಬೇಕು ಅಂತ..."

"ಆಸೆ" ಎಂದಳು ಪಾರ್ಲರಿನವಳು.

"ಹೂಂ ಕಣ್ರೀ! ಆಸೆ!" ಆಕೆ ನಕ್ಕರು, ಬಿಗಿದ ಗಂಟು ಅಲುಗಿತು. "ಅವರ ಮೇಲೆ ಕೋಪಾನೂ ಇಲ್ಲ, ಮಣ್ಣೂ ಇಲ್ಲ. ಪಾಪ, ಗೊರಕೆ ಗೊರಕೆ ಅಂತ ಅವರ ತಲೆಗೆ ಯಾಕೆ ಕಟ್ಲಿ? ನನಗಾಸೆ ಇದೆ ಅಂತಲೇ ಹೇಳ್ತೀನಿ. ಇವತ್ತೇ ಹೇಳ್ತೀನಿ!"

ನೀನು ಯಾವತ್ತಾದರೂ ಒಬ್ಬಳೇ ಮಲಗಿದ್ದೀಯಾ ಎಂದು ಪಾರ್ಲರಿನವಳ ಒಳಗೇ ಯಾರೋ ಕೇಳಿದರು. ಆಮೇಲೆ ನೋಡೋಣ, ಎಂದು ಅವಳು ಆ ಪ್ರಶ್ನೆಯನ್ನು ಪಕ್ಕಕ್ಕೆ ಕೂರಿಸಿದಳು. ಕೆಳಗೆ ನೋಡಿದರೆ ಕೈಗಳು ಯಾವಾಗಲೋ ಹೊರಗೆ ಬಂದು ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿದ್ದವು.

ಅಂಚೆಯಾಕೆ ಹೋದ ಮೇಲೆ ಪರೀಕ್ಷಕರಿಬ್ಬರೂ ಪಿಸುಪಿಸು ಮಾತಾಡಿಕೊಂಡರು. ಹಿರಿಯಾಕೆ ಕನ್ನಡಕ ತೆಗೆದರು.

"ಆ 'ಆದ್ರೆ' ಆದ್ಮೇಲೆ ಎಷ್ಟು ಹೊತ್ತು ಸುಮ್ಮನಿದ್ರಿ, ಗೊತ್ತಾ?"

"ಜಾಸ್ತಿ ಆಯ್ತಾ ಮೇಡಂ?"

"ನನಗೇ ತಡೀಲಿಲ್ಲ ಕಣಮ್ಮ. ನಾನೇ ಬಾಯಿ ಹಾಕೋದ್ರಲ್ಲಿದ್ದೆ, ಇವರು ನನ್ನ ಕಾಲು ತುಳಿದ್ರು." ಪಕ್ಕದವರ ಕಡೆ ನೋಡಿ ನಕ್ಕು, ಆಕೆ ಎದ್ದು ನಿಂತು ಕೈ ಮುಂದೆ ಚಾಚಿದರು. "ಸಂಘಕ್ಕೆ ಬನ್ನಿ. ಆದ್ರೆ ಹೊರಗೆ ಕಿರುಚ್ಬೇಡಿ ಮತ್ತೆ, ಪಕ್ಕದ ಕೋಣೇಲಿ ಇನ್ನೊಬ್ಬರದು ನಡೀತಿದೆ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ತುದಿಗಾಲಲ್ಲಿ ಮೊಗಸಾಲೆಗೆ ಬಂದಳು. ಕೂಗಬೇಕೆನ್ನಿಸುತ್ತಿತ್ತು, ಕುಣಿಯಬೇಕೆನ್ನಿಸುತ್ತಿತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು, ಭುಜ ನಗುವಿಗೆ ಕುಲುಕುತ್ತಿತ್ತು.

"ಏನಾಯ್ತೇ?" ಅತ್ತೆ ಅರ್ಧ ಎದ್ದರು.

ಇವಳು ಮುಚ್ಚಿದ ಬಾಗಿಲಿನ ಕಡೆ ಬೆರಳು ತೋರಿಸಿ, ಆ ಬೆರಳನ್ನು ತುಟಿಗಿಟ್ಟುಕೊಂಡಳು. ಅತ್ತೆ ಮತ್ತೇನೋ ಕೇಳಲು ಬಾಯಿ ತೆರೆದವರು ಸೊಸೆಯ ಮುಖ ನೋಡಿದರು, ಬಾಯಿ ಮುಚ್ಚಿದರು. ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಅವಳಿಗೆ ಜಾಗ ಮಾಡಿಕೊಟ್ಟರು.

ಇಬ್ಬರೂ ಪಕ್ಕಪಕ್ಕ ಕೂತರು. ಬಾಗಿಲಿನಾಚೆ ಯಾರದೋ ಸಣ್ಣ ದನಿ ತಡೆತಡೆದು ಏನೋ ಹೇಳುತ್ತಿತ್ತು. ಅತ್ತೆ ಕಲ್ಲಿನ ಹಾಗೆ ನೆಟ್ಟಗೆ ಕೂತಿದ್ದರು. ಚಪ್ಪಲಿಯೊಳಗೆ ಅವರ ಕಾಲಿನ ಹೆಬ್ಬೆರಳೊಂದು ಮಾತ್ರ ಕುಣಿಯುತ್ತಿತ್ತು.