ಅರ್ಧ ಬೆಲೆಯ ಗುಂಡು

ಅಮೆರಿಕದ ಕೆಂಟಕಿಯ ನಮ್ಮ ಚರ್ಚಿನಲ್ಲಿ ದೇವರು ಎಲ್ಲರನ್ನೂ ಸಹಿಸುತ್ತಾನೆ, ಡರ್ವುಡ್‌ನನ್ನೂ. ಅಂಗಡಿಯಲ್ಲಿ ಪಿಸ್ತೂಲಿನ ಗುಂಡು ಕೊಳ್ಳುವವರೆಲ್ಲ ಅವನ ಕಣ್ಣಿಗೆ ಪೆದ್ದರು. ಗುಂಡು ಹಾರಿಸಿದ ಮೇಲೆ ಉಳಿಯುವ ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಿ, ಉಳಿತಾಯದ ಹಣದಲ್ಲಿ ಹೆಂಡತಿ ಆರ್ಲೀನ್‌ಗೆ ಹೊಸ ಒಲೆ ಕೊಡಿಸುತ್ತೇನೆಂದು, ಅವನ್ನು ತುಂಬುವ ಯಂತ್ರ ತಂದ. ವರ್ಷ ಕಳೆದರೂ ಒಲೆ ಬರಲಿಲ್ಲ.

"ಒಂದೊಂದು ಗುಂಡೂ ಅರ್ಧ ಬೆಲೆಗೆ ಬೀಳುತ್ತೆ ಕಣೇ, ನಿಂಗೆ ಲೆಕ್ಕ ಬರಲ್ಲ," ಎಂದ.

"ಬರುತ್ತೆ ಮಹಾರಾಯ! ಅಗ್ಗ ಅಂತ ಮೊದಲಿಗಿಂತ ಮೂರು ಪಟ್ಟು ಹೊಡೀತೀಯ. ಅದೂ ಗುರಿಗೆ ಒಂದೂ ತಾಗಲ್ಲ."

ಶನಿವಾರ ಅವನು ಗುಂಡು ಹಾರಿಸಲು ಹೋದಾಗ, ಆರ್ಲೀನ್ ಯಂತ್ರವನ್ನು ಪಕ್ಕದ ಮನೆಯವನಾದ ನನ್ನ ಗಾಡಿಗೆ ಹೇರಿಸಿ, ಮಾರಿ, ಒಲೆ ತಂದಳು. ಸಂಜೆ ಡರ್ವುಡ್ ಬಿಸಿ ಜೋಳದ ರೊಟ್ಟಿ ತಿಂದು, ಯಂತ್ರ ಕೊಂಡವನ ವಿಳಾಸ ಕೇಳಿಕೊಂಡು, ಖಾಲಿ ತೋಟಾಗಳ ಬಕೆಟ್ ಹಿಡಿದು ಅವನ ಮನೆಗೆ ಹೊರಟ.