ಒಂದು ಸಿರಿಂಜು ಹೆಚ್ಚು

ಕಾಲರಾ ಹೋಯಿತು, ಸಭೆ ಬಂತು. ಪರಿಹಾರ ಸಂಸ್ಥೆಯ ಮೇಲ್ವಿಚಾರಕರು ಆರೋಗ್ಯ ಕೇಂದ್ರದ ಔಷಧಿ ಕೋಣೆಯಲ್ಲಿ ಕೆಲಸದವರಾದ ನಮ್ಮನ್ನೂ ಊರವರನ್ನೂ ಕೂರಿಸಿ, ಬೋರ್ಡಿನ ಮೇಲೆ 'ನಾವು ಕಲಿತ ಪಾಠಗಳು' ಎಂದು ಬರೆದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಲಿತವರು ಯಾರು, ಕಳೆದುಕೊಂಡವರು ಯಾರು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ನನ್ನ ಕೆಲಸ ಬಾವಿಕಟ್ಟೆಯಲ್ಲಿ. ನೀರು ಸೇದಿದವರ ಕ್ಯಾನಿಗೆ ಸಿರಿಂಜಿನಿಂದ ಕ್ಲೋರಿನ್ ದ್ರಾವಣ ಹಾಕಿ ಕಳಿಸುವುದು. ಇಪ್ಪತ್ತು ಲೀಟರಿಗೆ ಒಂದೇ ಸಿರಿಂಜು, ಹನಿಯೂ ಜಾಸ್ತಿ ಬೇಡ ಎಂದು ತರಬೇತಿಯಲ್ಲಿ ತಲೆ ತಿಂದಿದ್ದರು. ಊರಿಗೆಲ್ಲ ಒಂದೇ ಹಾಕಿದೆ. ನನ್ನ ಅಕ್ಕನಿಗೆ ಮಾತ್ರ ಎರಡು. ಅವಳ ಪಕ್ಕದ ಮನೆಯಲ್ಲಿ ಇಬ್ಬರು ಕಾಲರಾ ಬಂದು ಮಲಗಿದ್ದರು, ನನಗೆ ಜೀವದಲ್ಲಿ ಜೀವ ಇರಲಿಲ್ಲ. ಒಡಹುಟ್ಟಿದವಳಿಗೆ ಒಂದಿಷ್ಟು ಹೆಚ್ಚು ಬಡಿಸಿದರೆ ತಪ್ಪೇನು ಅಂದುಕೊಂಡೆ.

ಮೂರನೇ ದಿನ ಅಕ್ಕ, "ನೀರು ಬಾಯಿಗಿಡಕ್ಕಾಗಲ್ಲ ಕಣೇ. ಗಂಟಲು ಉರಿಯುತ್ತೆ," ಅಂದಳು.

"ಊರೇ ಕುಡೀತಿದೆ, ನಿನಗೊಬ್ಬಳಿಗೆ ಆಗಲ್ವಾ? ಮೂಗು ಮುಚ್ಕೊಂಡು ಕುಡಿ, ಮಹಾರಾಣಿ," ಅಂದೆ. ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು.

ಆಮೇಲೂ ದಿನಾ ಬಂದು ಕ್ಯಾನು ತುಂಬಿಸಿಕೊಂಡು ಹೋಗುತ್ತಿದ್ದಳು. ಆ ನೀರಲ್ಲಿ ಪಾತ್ರೆ ತೊಳೆದು, ಕುಡಿಯಲು ಮಾತ್ರ ಕಾಲುವೆಯಿಂದ ತರುತ್ತಿದ್ದಳಂತೆ. ನನಗೆ ಬೇಜಾರಾಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಬೆಳಿಗ್ಗೆ ಅವಳನ್ನು ಚಿಕಿತ್ಸೆಯ ಡೇರೆಗೆ ಸೇರಿಸಿದರು, ಸಂಜೆಗೆ ತೀರಿಕೊಂಡಳು. ಕಾಲುವೆಯ ವಿಷಯ ಭಾವ ಹೇಳಿದ್ದು ಆಮೇಲೆ. "ಪಕ್ಕದಲ್ಲೇ ಒಳ್ಳೆ ನೀರಿತ್ತು, ಪೆದ್ದಿ," ಎಂದು ಅತ್ತರು. ಎರಡು ಸಿರಿಂಜಿನ ವಿಷಯ ಆಗಲೂ ಮುಚ್ಚಿಟ್ಟೆ.

ಮೇಲ್ವಿಚಾರಕರು ನಾಲ್ಕನೇ ಪಾಠ ಬರೆದು ಓದಿದರು: "ಜನರಲ್ಲಿ ತಿಳುವಳಿಕೆ ಕಡಿಮೆ. ಉದಾಹರಣೆಗೆ, ಬಾವಿಯ ಹತ್ತಿರವೇ ಇದ್ದ ಒಬ್ಬ ಮಹಿಳೆ ಕಾಲುವೆ ನೀರು ಕುಡಿದು ತೀರಿಕೊಂಡರು."

ಮೂಲೆಯಲ್ಲಿ ಕೂತಿದ್ದ ಭಾವ ತಲೆ ತಗ್ಗಿಸಿದರು. ಸತ್ತ ಮೇಲೂ ಅವಳನ್ನು ದಡ್ಡಿ ಮಾಡಿ ಕೂರಿಸಿದ್ದೆವಲ್ಲ. ಎದ್ದು ನಿಂತೆ.

"ಆಕೆ ನನ್ನಕ್ಕ. ಅವಳ ಕ್ಯಾನಿಗೆ ನಾನು ಎರಡೆರಡು ಸಿರಿಂಜು ಹಾಕ್ತಿದ್ದೆ. ಉರಿಯುತ್ತೆ ಅಂತ ಬಂದು ಹೇಳಿದ್ಲು. ನಾನೇ ಬಾಯಿ ಮುಚ್ಚಿಸ್ದೆ."

ಮೇಲ್ವಿಚಾರಕರು ಮೆಲ್ಲಗೆ, "ಇದನ್ನ ಬರೆದ್ರೆ ನಿಮ್ಮನ್ನ ಇನ್ನು ಬಾವಿ ಹತ್ರ ನಿಲ್ಲಿಸಲ್ಲಮ್ಮ," ಅಂದರು.

"ನಿಲ್ಲಿಸ್ಬೇಡಿ. ಮೊದಲು ಅದನ್ನ ಅಳಿಸಿ. ಯಾರಾದ್ರೂ ಉರಿಯುತ್ತೆ ಅಂದ್ರೆ ಕೇಳಿಸ್ಕೊಳ್ಳಿ ಅಂತ ಬರೀರಿ."

ಅವರು ಅಳಿಸಿ ಬರೆದರು. ಭಾವ ಎದ್ದು ನನ್ನ ಮುಂದೆಯೇ ಹಾದು ಹೊರಗೆ ಹೋದರು. ಇವತ್ತಿನವರೆಗೂ ನನ್ನೊಡನೆ ಮಾತಾಡಿಲ್ಲ.